ಅತ್ತೆ ಮೆಚ್ಚಿದ ಹೊಲಿಗೆ

ನಾಲ್ಕು ಮಂದಿ ಹೆಂಗಸರು ಒಂದು ಕಡೆ ಕುಳಿತು ಶಾವಿಗೆ ಹೊಸೆಯುತ್ತಿದ್ದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಹೆರಿಗೆಗೆ ಬಂದು ನಿಲ್ಲುತ್ತದೆ. ಒಬ್ಬಳು ಸೇಂಗಾ ಕೀಳಲು ಹೋಗಿ ಹೊಲದಲ್ಲೇ ಹಡೆದದ್ದನ್ನು ಹೇಳುತ್ತಾಳೆ. ಇನ್ನೊಬ್ಬಳು ತವರಿಗೆ ಹೊರಟ ಬಂಡಿಯಲ್ಲಿ ಹಡೆದು, ಬಂಡಿಯನ್ನು ಅಲ್ಲಿಂದಲೇ ತಿರುಗಿಸಿಕೊಂಡು ಬಂದದ್ದನ್ನು ಹೇಳುತ್ತಾಳೆ. ನಾನು ಮಾತ್ರ ಸುಮ್ಮನೆ ಶಾವಿಗೆ ಎಳೆಯುತ್ತಿರುತ್ತೇನೆ. ಎಲ್ಲರದೂ ಮುಗಿಯಲಿ ಎಂದು ಕಾಯುವುದು ನನ್ನ ಹಳೆಯ ಚಟ. ನನ್ನದು ಮುಗಿದ ಮೇಲೆ ಇನ್ಯಾರೂ ಬಾಯಿ ತೆರೆಯುವುದಿಲ್ಲವೆಂದು ನನಗೆ ಗೊತ್ತು. ಇದು ಜಂಬವೇ, ಒಪ್ಪಿಕೊಳ್ಳುತ್ತೇನೆ. ಹೊಕ್ಕಳ ಕೆಳಗೆ ಗೇಣುದ್ದದ ಗೆರೆಯೊಂದನ್ನು ಹೊತ್ತು ಇಷ್ಟು ವರ್ಷ ಬಾಳಿದವಳಿಗೆ ಅಷ್ಟಾದರೂ ಜಂಬ ಬೇಡವೇ?

ಆದರೆ ಇದೇ ನಾನು ಮೂರು ವರ್ಷ ಬೇರೆ ಕಾರಣಕ್ಕೆ ಸುಮ್ಮನಿದ್ದೆ. ಆಗ ಹಡೆದವರ ಸಾಲಿಗೆ ನನ್ನನ್ನು ಸೇರಿಸಿಕೊಂಡೇ ಇರಲಿಲ್ಲ.

ಹೊಟ್ಟೆ ಕೊಯ್ದು ಕೂಸು ತೆಗೆಯುವುದಕ್ಕೆ ಸಿಸೇರಿಯನ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಕೊಯ್ಸಿಕೊಂಡ ಎಷ್ಟೋ ಕಾಲದ ಮೇಲೆ. ರೋಮ್ ದೇಶದ ದೊಡ್ಡ ದೊರೆಯೊಬ್ಬ ಹಾಗೆ ಹುಟ್ಟಿದನಂತೆ, ಅದಕ್ಕೇ ಆ ಹೆಸರಂತೆ. ಇದನ್ನು ಓದಿದಾಗ ನಾನೂ ರಾಜಮಾತೆಯ ಸಾಲಿನವಳೆಂದು ಎರಡು ದಿನ ಬೀಗಿದೆ. ಮೂರನೆಯ ದಿನ ಇನ್ನೊಂದು ಪುಸ್ತಕ ಸಿಕ್ಕಿತು. ಆ ಕಾಲದಲ್ಲಿ ತಾಯಿ ಸತ್ತ ಮೇಲೆಯೇ ಹೊಟ್ಟೆ ಕೊಯ್ಯುತ್ತಿದ್ದರಂತೆ, ಆ ದೊರೆಯ ತಾಯಿಯೋ ಮಗ ದೊಡ್ಡವನಾಗುವವರೆಗೂ ಗಟ್ಟಿಮುಟ್ಟಾಗಿ ಬದುಕಿದ್ದಳಂತೆ, ಹಾಗಾಗಿ ಆ ಕಥೆ ಸುಳ್ಳೇ ಇರಬೇಕಂತೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರಿಗೆ ಇದೇ ಕಷ್ಟ, ಒಂದೇ ಪುಸ್ತಕಕ್ಕೆ ನಿಲ್ಲುವುದಿಲ್ಲ. ಹೋಗಲಿ, ನಮ್ಮ ಪುರಾಣಗಳಲ್ಲಿ ಕೊಡದಿಂದ ಹುಟ್ಟಿದವರಿದ್ದಾರೆ, ತೊಡೆಯಿಂದ ಹುಟ್ಟಿದವರಿದ್ದಾರೆ, ಬೆಂಕಿಯೊಳಗಿಂದ ಸೀರೆ ಉಟ್ಟುಕೊಂಡೇ ಎದ್ದು ಬಂದವರಿದ್ದಾರೆ. ಅವರಿಗೆಲ್ಲ ಕೈಮುಗಿಯುವ ಜನ, ಹೊಟ್ಟೆಯಿಂದಲೇ ಬಂದ ನನ್ನ ಮಗಳನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು.

ಕನ್ನಡ ನಾಡೆಲ್ಲ ಒಂದಾದ ಮರುವರ್ಷ. ನಾನು ದುಂಡಸಿಗೆ ಸೊಸೆಯಾಗಿ ಹೋಗಿ ಎರಡು ವರ್ಷವಾಗಿತ್ತು. ಚೊಚ್ಚಲ ಹೆರಿಗೆಗೆ ತವರಾದ ಹಾನಗಲ್ಲಿಗೆ ಬಂದಿದ್ದೆ. ಸೋಮವಾರ ನಸುಕಿನಲ್ಲಿ ಬೇನೆ ಶುರುವಾಯಿತು, ಮಂಗಳವಾರ ಮಧ್ಯಾಹ್ನವಾದರೂ ಕೂಸಿನ ಸುಳಿವಿಲ್ಲ. ನಮ್ಮ ಓಣಿಯ ಸೂಲಗಿತ್ತಿ ಖಾಜಾಬಿ, ಸವಣೂರಿನಿಂದ ಬಂದು ಹಾನಗಲ್ಲಿನಲ್ಲಿ ನೆಲೆಸಿದವಳು. ನನ್ನನ್ನೂ ಅವಳೇ ಹಿಡಿದವಳು. ನಮ್ಮೂರಿನ ಅರ್ಧ ಜನ ಮೊದಲು ಕಂಡ ಮುಖ ಅವಳದೇ. ಅಂಥವಳು ಕೈ ತೊಳೆದುಕೊಂಡು ಹೊರಗೆ ಹೋಗಿ, ಕಟ್ಟೆಯ ಮೇಲೆ ಕುಳಿತಿದ್ದ ನಮ್ಮಪ್ಪನ ಮುಂದೆ ನಿಂತಳು.

"ಕೂಸು ಅಡ್ಡ ಮಲಗೇತ್ರಿ ಅಣ್ಣಾರ. ಎರಡ ಸಲ ತಿರುವಾಕ ನೋಡಿದೆ, ಮತ್ತ ಹಂಗ ಹೋಗಿ ಮಲಗತೈತಿ. ಇದು ನನ್ನ ಕೈಯಾಗಿನ ಕೆಲಸ ಅಲ್ಲ. ಹುಬ್ಬಳ್ಳಿಗೆ ಒಯ್ರಿ. ಈಗ ಒಯ್ದ್ರ ಇಬ್ಬರೂ ಬರ್ತಾರ."

ನನ್ನ ಕಥೆಯಲ್ಲಿ ನಾನು ಮೊದಲ ನಮಸ್ಕಾರ ಮಾಡುವುದು ಡಾಕ್ಟರರಿಗಲ್ಲ, ಖಾಜಾಬಿಗೆ. ಸಾವಿರ ಕೂಸು ಹಿಡಿದ ಕೈಯನ್ನು, ಇದು ನನ್ನಿಂದಾಗದು ಎಂದು ಸಮಯಕ್ಕೆ ಸರಿಯಾಗಿ ಹಿಂದೆ ತೆಗೆಯಲು ಇನ್ನೂ ದೊಡ್ಡ ವಿದ್ಯೆ ಬೇಕು. ಇನ್ನು ಅರ್ಧ ದಿನ ನೋಡೋಣ ಎಂದು ಅವಳು ಹಠ ಹಿಡಿದಿದ್ದರೆ ಈ ಶಾವಿಗೆ, ಈ ಜಂಬ, ಯಾವುದೂ ಇರುತ್ತಿರಲಿಲ್ಲ.

ಪೇಟೆಗೆ ಭತ್ತ ಹೇರಲು ಬಂದಿದ್ದ ಲಾರಿಯಲ್ಲಿ ಚೀಲಗಳ ಮೇಲೆ ಹಾಸಿಗೆ ಹಾಸಿ ನನ್ನನ್ನು ಮಲಗಿಸಿದರು. ಬಂಕಾಪುರ ದಾಟಿ, ಶಿಗ್ಗಾಂವಿ ದಾಟಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ರಸ್ತೆಯ ಪ್ರತಿಯೊಂದು ತಗ್ಗೂ ನನಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗಿತ್ತು. ದವಾಖಾನೆಯ ಡಾಕ್ಟರಬಾಯಿ ಬೆಳಗಾವಿ ಕಡೆಯವರು, ತೆಳ್ಳಗೆ, ಉದ್ದಕ್ಕೆ, ನಗುವುದು ಕಡಿಮೆ. ಹೊಟ್ಟೆ ಮುಟ್ಟಿ ನೋಡಿದರು, ಕೂಸಿನ ಎದೆಬಡಿತ ಕೇಳಿದರು, ಅಪ್ಪನ ಕಡೆಯಿಂದ ಕಾಗದಕ್ಕೆ ಸಹಿ ಮಾಡಿಸಿದರು. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಅವರು ಮಾತ್ರ ನನ್ನ ಮುಖದ ಹತ್ತಿರ ಬಗ್ಗಿದರು.

"ಕೂಸು ತಾನಾಗಿ ಬರಂಗಿಲ್ಲವಾ. ಹೊಟ್ಟಿ ಕೊಯ್ದು ತಗೀಬೇಕು. ಔಷಧ ಕೊಟ್ಟು ಮಲಗಿಸ್ತೇನಿ, ನಿನಗ ಗೊತ್ತಾಗಂಗಿಲ್ಲ. ನಿಮ್ಮಪ್ಪ ಸಹಿ ಮಾಡ್ಯಾರ. ಆದ್ರ ಹೊಟ್ಟಿ ನಿಂದು. ಏನಂತಿ?"

ಹತ್ತೊಂಬತ್ತು ವರ್ಷವಾಗಿತ್ತು ನನಗೆ. ಅಲ್ಲಿಯವರೆಗೆ, ಯಾವ ಸೀರೆ ಬೇಕೆಂದು ಕೂಡ ಯಾರೂ ನನ್ನನ್ನು ಕೇಳಿದವರಿರಲಿಲ್ಲ. "ಕೊಯ್ರಿ" ಎಂದೆ. ಒಂದೇ ಮಾತು. ಆಮೇಲೆ ಮೂಗಿನ ಮೇಲೊಂದು ಜಾಳಿಗೆ ಇಟ್ಟರು, ಮಾಗಿ ಕೊಳೆತ ಹಣ್ಣಿನಂಥ ವಾಸನೆ ಬಂತು, ಎಚ್ಚರಾದಾಗ ಪಕ್ಕದಲ್ಲಿ ನನ್ನ ಮಗಳು ಗಿರಿಜೆ ಇದ್ದಳು. ಮುಷ್ಟಿ ಬಿಗಿದು, ಯಾರು ನನ್ನನ್ನು ಎಬ್ಬಿಸಿದವರು ಎಂಬಂಥ ಸಿಟ್ಟಿನಲ್ಲಿ ಮಲಗಿದ್ದಳು. ಮಗಳು ಇವತ್ತಿಗೂ ನಿದ್ದೆಗೆಡಿಸಿದರೆ ಅದೇ ಮುಖ ಮಾಡುತ್ತಾಳೆ.

ಈಗ ನನ್ನ ಅತ್ತೆಯ ವಿಷಯ. ಹೆಸರು ನೀಲವ್ವ, ದುಂಡಸಿಯ ಬಾಯಲ್ಲಿ ಕೌದಿ ನೀಲವ್ವ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ಅವರನ್ನು ಮೀರಿಸಿದವರು ಶಿಗ್ಗಾಂವಿ ತಾಲೂಕಿನಲ್ಲಿ ಇರಲಿಲ್ಲ. ಇದ್ದರೂ ಅತ್ತೆ ಒಪ್ಪುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಕುಶಲ ಕೇಳುವ ಮೊದಲು ಅವರ ಕೌದಿಯ ಮೂಲೆ ಎತ್ತಿ ಹಿಂಬದಿಯ ಹೊಲಿಗೆ ನೋಡುವವರು ಅವರು. ಕೌದಿ ಮುಗಿಸುವಾಗ ನಮ್ಮ ಮನೆಯಲ್ಲಿ ಒಂದು ಪದ್ಧತಿಯುಂಟು. ಮೂರು ಅಂಚು ಮುಚ್ಚಿ, ಕೊನೆಯ ಮೂಲೆಯನ್ನು ಮೂರು ಬೆರಳಗಲ ತೆರೆದು ಬಿಡುವುದು. ಆ ದಿನ ಹೋಳಿಗೆ ಮಾಡಿ, ಒಂದು ಚೂರನ್ನು ಆ ಮೂಲೆಯಲ್ಲಿ ಇಟ್ಟು, ಆಮೇಲೆ ಹೊಲಿದು ಮುಚ್ಚುವುದು. ಕೌದಿಯ ಹೊಟ್ಟೆ ಬರಿದಿದ್ದರೆ ಹೊದ್ದವರಿಗೆ ಜೀವಮಾನವೆಲ್ಲ ಹಸಿವು ಎಂದು ಅತ್ತೆಯ ನಂಬಿಕೆ.

ಆ ಬುಧವಾರ ಬೆಳಿಗ್ಗೆ ಅತ್ತೆ ಬರಲಿರುವ ಮೊಮ್ಮಗುವಿಗೆಂದು ಕೌದಿ ಮುಗಿಸುತ್ತಿದ್ದರಂತೆ. ಹೋಳಿಗೆ ಬೆಂದು ಬುಟ್ಟಿಯಲ್ಲಿತ್ತು, ಕೊನೆಯ ಮೂಲೆ ತೆರೆದೇ ಇತ್ತು. ಅಷ್ಟರಲ್ಲಿ ಬಸ್ಸಿನ ಕಂಡಕ್ಟರನ ಬಾಯಲ್ಲಿ ಸುದ್ದಿ ಬಂತು, ನಿಮ್ಮ ಸೊಸೆಯ ಹೊಟ್ಟೆ ಕೊಯ್ದು ಹೆಣ್ಣು ಕೂಸು ತೆಗೆದಿದ್ದಾರೆ, ಇಬ್ಬರೂ ಆರಾಮ ಎಂದು. ಅತ್ತೆ ಸೂಜಿಯನ್ನು ಕೌದಿಗೆ ಚುಚ್ಚಿದರು, ಹೋಳಿಗೆಯನ್ನು ಸೆರಗಿಗೆ ಕಟ್ಟಿಕೊಂಡರು, ಹುಬ್ಬಳ್ಳಿಗೆ ತಿರುಗಿ ಹೊರಟ ಅದೇ ಬಸ್ಸು ಹತ್ತಿದರು.

ಮಧ್ಯಾಹ್ನ ಬಂದು ನನ್ನ ಮಂಚದ ಪಕ್ಕ ನಿಂತವರು, ಮೊದಲು ಮೊಮ್ಮಗಳ ಮುಖ ನೋಡಿದರು, ಆಮೇಲೆ ನನ್ನ ಹೊಟ್ಟೆಗೆ ಸುತ್ತಿದ ಪಟ್ಟಿ ನೋಡಿದರು. ನನ್ನ ಅವ್ವನ ಕಿವಿಯಲ್ಲಿ, "ಹೊಲಿಯೂ ಮುಂದ ಒಳಗ ಏನರ ಇಟ್ಟಾರಿಲ್ಲೋ?" ಎಂದು ಕೇಳಿದರು. ಎರಡು ದಿನದಿಂದ ನಾನು ಏನೂ ತಿಂದಿಲ್ಲವೆಂದು ಅವ್ವ ಹೇಳಿದಳು. ಅಂದರೆ ಸೊಸೆಯ ಹೊಟ್ಟೆಯನ್ನು ಬರಿದೇ ಹೊಲಿದುಬಿಟ್ಟಿದ್ದಾರೆ. ಇಂಥ ಅನರ್ಥ ಎಲ್ಲಾದರೂ ಉಂಟೇ? ಅವ್ವ ನೀರು ತರಲು ಹೋದಾಗ ಅತ್ತೆ ಸೆರಗಿನ ಗಂಟು ಬಿಚ್ಚಿ, ಹೋಳಿಗೆಯ ಚೂರು ಮುರಿದು ನನ್ನ ಬಾಯಿಗಿಟ್ಟರು. ನಾನೂ ನುಂಗಿದೆ. ಅತ್ತೆ ಕೊಟ್ಟದ್ದನ್ನು ಬೇಡವೆನ್ನುವ ಸೊಸೆ ಇನ್ನೂ ಹುಟ್ಟಿರಲಿಲ್ಲ, ಅದೂ ಹೂರಣದ ಹೋಳಿಗೆ.

ಗಳಿಗೆಯೊಳಗೆ ವಾಂತಿ ಶುರುವಾಯಿತು. ಹೊಸ ಹೊಲಿಗೆಯ ಹೊಟ್ಟೆಯಿಂದ ವಾಂತಿ ಮಾಡುವುದೆಂದರೆ ಏನೆಂದು ನಾನು ಹೇಳುವುದಿಲ್ಲ, ಬಸುರಿಯರು ಓದುತ್ತಿರಬಹುದು. ಡಾಕ್ಟರಬಾಯಿ ಓಡಿ ಬಂದರು. ನೆಲದ ಮೇಲೆ ಹಳದಿ ಹೂರಣ ನೋಡಿದರು, ಅತ್ತೆಯ ಸೆರಗು ನೋಡಿದರು. ಬೈಗುಳ ಬರುತ್ತದೆಂದು ನಾನು ಕಣ್ಣು ಮುಚ್ಚಿದೆ. ಅವರು ಸ್ಟೂಲು ಎಳೆದುಕೊಂಡು ಕುಳಿತು, ಯಾಕೆ ಕೊಟ್ಟಿರಿ ಅಜ್ಜಿ ಎಂದು ಕೇಳಿದರು. ಅತ್ತೆ ಅಳುತ್ತಲೇ ಕೌದಿಯ ವಿಚಾರವನ್ನೆಲ್ಲ ಹೇಳಿದರು.

"ನಾವು ಒಳಗ ಏನೂ ಇಡಂಗಿಲ್ರಿ ಅಜ್ಜಿ," ಎಂದರು ಡಾಕ್ಟರಬಾಯಿ. "ಇಟ್ಟು ಮರತ್ರ ನಮ್ಮ ನೌಕರಿ ಹೋಗತೈತಿ. ಅರಿವಿ, ಚಿಮಟಾ, ಎಲ್ಲಾ ಎಣಿಸಿ ಹೊರಗ ತಗದ ಮ್ಯಾಲ ಹೊಲೀತೇವಿ."

ಆಮೇಲೆ ಅವರು ಹೇಳಿದ್ದನ್ನು ಅತ್ತೆ ಬಾಯಿ ತೆರೆದು ಕೇಳಿದರು. ಕೊಯ್ದಾಗ ಕರುಳು ಹೆದರಿ ಮಲಗಿರುತ್ತದೆ, ಅದು ಎದ್ದು ಕೆಲಸ ಶುರು ಮಾಡುವವರೆಗೆ ಗುಟುಕು ನೀರು, ಆಮೇಲೆ ಗಂಜಿ, ಹೋಳಿಗೆ ಎಲ್ಲ ಆಮೇಲಿನ ಮಾತು. ಕರುಳು ಎದ್ದದ್ದು ಗೊತ್ತಾಗುವುದು ಗಾಳಿ ಸರಿದಾಗ. ಹೊಲಿಗೆ ಹೊರಗೆ ಕಾಣುವುದೊಂದೇ ಅಲ್ಲ, ಗರ್ಭಚೀಲಕ್ಕೆ ಬೇರೆ, ಅದರ ಮೇಲಿನ ಪದರಗಳಿಗೆ ಬೇರೆ, ತೊಗಲಿಗೆ ಬೇರೆ. ಇಲ್ಲಿ ಅತ್ತೆಯ ಕಣ್ಣೀರು ನಿಂತಿತು. ಪದರ ಎಂಬ ಮಾತು ಬಂದ ಕೂಡಲೇ ಅವರು ತಪ್ಪು ಮಾಡಿದ ಮುದುಕಿಯಾಗಿ ಉಳಿಯಲಿಲ್ಲ, ಕೌದಿ ನೀಲವ್ವನಾದರು. ಒಳಗಿನ ದಾರ ಬಿಚ್ಚುವವರು ಯಾರು ಎಂದು ಕೇಳಿದರು. ಅದು ತಾನೇ ಕರಗುತ್ತದೆ ಎಂದರು ಡಾಕ್ಟರಬಾಯಿ.

"ಕರಗೋ ದಾರದ್ಲೆ ಹೊಲಿದದ್ದು ಎಷ್ಟ ದಿನ ಬಾಳತೈತ್ರಿ?"

"ಅಷ್ಟರಾಗ ಮಾಂಸ ಕೂಡಿರತೈತಿ. ಆದ್ರ ಹೊಲಿದ ಜಾಗಾ ಹೊಲಿದ ಜಾಗಾನ. ಮುಂದಿನ ಬಸರಿಗೆ ಎರಡ ಮೂರ ವರ್ಷ ಬಿಡ್ರಿ. ಬ್ಯಾನಿ ಬರೂತನಕ ಕಾಯಬ್ಯಾಡ್ರಿ, ಮೊದಲ ಇಲ್ಲಿಗೆ ಕರಕೊಂಡ ಬರ್ರಿ. ಊರಾಗ ಹಡಿಸೋ ವಿಚಾರ ಬ್ಯಾಡ."

ಮುಂದಿನ ಎರಡು ದಿನ ನನ್ನ ಬಾಳಿನಲ್ಲೇ ಅತಿ ನಾಚಿಕೆಯ ದಿನಗಳು. ಅತ್ತೆಯ ಎದುರು ಜೋರಾಗಿ ಸೀನಿ ಗೊತ್ತಿಲ್ಲದ ಸೊಸೆ ನಾನು. ಅವರೋ ತಾಸಿಗೊಮ್ಮೆ ಬಗ್ಗಿ, ಗಾಳಿ ಸರೀತೇನವಾ ಎಂದು ಕೇಳುವುದು. ಪಕ್ಕದ ಮಂಚದವರೂ ಕೇಳತೊಡಗಿದರು. ಕೊನೆಗೂ ಅದು ಸರಿದಾಗ ಅತ್ತೆ ವಾರ್ಡಿನ ಈ ತುದಿಯಿಂದ ಆ ತುದಿಗೆ ಹೋಗಿ ಸುದ್ದಿ ಮುಟ್ಟಿಸಿ ಬಂದರು. ಮೊಮ್ಮಗಳು ಹುಟ್ಟಿದ ಸುದ್ದಿಗೂ ಅಷ್ಟು ಓಡಾಡಿರಲಿಲ್ಲ.

ಬಾಣಂತನ ಮುಗಿಸಿ ದುಂಡಸಿಗೆ ಹೋದೆ. ಮೊದಲ ದಿನ ಬಚ್ಚಲಲ್ಲಿ ಎರೆಯಲು ಬಂದ ಅತ್ತೆ, ಕಿಂಡಿಯ ಬೆಳಕಿಗೆ ನನ್ನನ್ನು ತಿರುಗಿಸಿ ನಿಲ್ಲಿಸಿ, ಗೆರೆಯ ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದರು. "ಎಲ್ಲೂ ಸುಕ್ಕ ಇಲ್ಲ. ಹೊಲಿಗಿ ಎಲ್ಲಾ ಒಂದ ಅಂತರ. ಚಲೋ ಕೈ," ಎಂದರು. ಅವರ ಬಾಯಿಂದ ಚಲೋ ಕೈ ಎನ್ನಿಸಿಕೊಂಡವರು ಅದುವರೆಗೆ ಊರಲ್ಲಿ ಯಾರೂ ಇರಲಿಲ್ಲ. ತಂಬಿಗೆಗೆ ನೀರು ತುಂಬುತ್ತ, ನನ್ನ ಕಡೆ ನೋಡದೆ, "ನನ್ನ ಎರಡನೇದ್ದೂ ಹಿಂಗ ಅಡ್ಡ ಇತ್ತು," ಎಂದರು. ನೀರು ಹುಯ್ದರು. ಆ ಮಾತನ್ನು ಮತ್ತೆಂದೂ ಆಡಲಿಲ್ಲ.

ಅಂದಿನಿಂದ ನನ್ನ ಹೊಟ್ಟೆ ಪ್ರದರ್ಶನದ ವಸ್ತುವಾಯಿತು. ಬೀಸಲು ಬಂದವರು, ಎಣ್ಣೆ ಮಾರಲು ಬಂದವರು, ಸವಣೂರಿನಿಂದ ಬಳೆ ಇಡಲು ಬಂದ ಬಳೆಗಾರ್ತಿ, ಎಲ್ಲರಿಗೂ ಅತ್ತೆ ಅದನ್ನು ತೋರಿಸಿ ಪದರಗಳ ವಿವರ ಹೇಳುವರು. ಕರಗುವ ದಾರದ ಮಾತು ಮಾತ್ರ ಬಿಡುವರು, ಅದನ್ನು ಅವರು ಸಾಯುವತನಕ ನಂಬಲಿಲ್ಲ.

ಆದರೆ ನೋಡುವುದು ಬೇರೆ, ಒಪ್ಪುವುದು ಬೇರೆ. ಪಕ್ಕದ ಮನೆಯ ಚನ್ನವ್ವನ ಸೊಸೆಗೆ ಏಳು ತಿಂಗಳಾದಾಗ ಕುಬುಸದ ಕಾರ್ಯವಿತ್ತು. ಬಸುರಿಗೆ ಹೊಸ ಕುಬುಸ ತೊಡಿಸಿ, ಹಡೆದ ಮುತ್ತೈದೆಯರು ಐದು ಜನ ಒಬ್ಬೊಬ್ಬರಾಗಿ ಅವಳ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬುವುದು. ನಾನು ಹಸಿರು ಸೀರೆ ಉಟ್ಟು ಎದುರಿಗೇ ಕುಳಿತಿದ್ದೆ. ತಟ್ಟೆ ನನ್ನ ಮುಂದೆ ಬಂದು, ಒಂದು ಗಳಿಗೆ ನಿಂತು, ಮುಂದೆ ಹೋಯಿತು. "ಆಕಿ ಎಲ್ಲಿ ಹಡದಾಳವಾ? ಕೊಯ್ದು ತಗದಾರ," ಎಂದು ಚನ್ನವ್ವ ಯಾರಿಗೋ ಹೇಳಿದಳು, ನನಗೆ ಕೇಳಿಸುವಷ್ಟೇ ಸಣ್ಣ ದನಿಯಲ್ಲಿ. ಚೊಚ್ಚಲ ಬಸುರಿ, ಕೊಯ್ಸಿಕೊಂಡವಳ ಕೈ ತಾಗಿದರೆ ಅವಳಿಗೂ ಕೊಯ್ಯಬೇಕಾದೀತೆಂದು ಭಯ. ಮನೆಗೆ ಬಂದು ಗಿರಿಜೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ಎರಡು ದಿನ ಬೇನೆ ತಿಂದು, ಲಾರಿಯಲ್ಲಿ ಹೊರಳಾಡಿ, ಗೇಣುದ್ದ ಸೀಳಿಸಿಕೊಂಡು ತಂದ ಮಗಳು. ಇವಳನ್ನು ನಾನು ಹಡೆದಿಲ್ಲವಾದರೆ ಹಡೆದವರು ಯಾರು? ಅತ್ತೆಗೆ ಹೇಳಲಿಲ್ಲ. ಮೂರು ವರ್ಷ, ಎಷ್ಟೋ ಕುಬುಸಗಳು, ತಟ್ಟೆ ಹಾಗೆಯೇ ನನ್ನನ್ನು ದಾಟಿ ಹೋಗುತ್ತಿತ್ತು.

ನಂತರ ನಾದಿನಿ ಕಮಲಾ ಬಸುರಿಯಾದಳು. ಅವಳನ್ನು ಹಿರೇಕೆರೂರು ತಾಲೂಕಿನ ಅಬಲೂರಿಗೆ ಕೊಟ್ಟಿದ್ದರು. ಕುಬುಸ ನಮ್ಮಲ್ಲೇ. ಅಬಲೂರಿನ ಬೀಗತಿ, ಅಂದರೆ ಕಮಲಾಳ ಅತ್ತೆ, ನಾಲ್ಕು ಹೆಂಗಸರೊಂದಿಗೆ ಬಂದಿದ್ದರು. ನಾನು ಬುದ್ಧಿವಂತಿಕೆಯಿಂದ ಅಡಿಗೆಮನೆಯಲ್ಲೇ ಉಳಿದೆ. ಅತ್ತೆ ಮೊದಲ ಉಡಿಗೆ ನನ್ನ ಹೆಸರು ಕೂಗಿದರು. ಹೊರಗೆ ಬಂದೆ. ಬೀಗತಿ ನಯವಾಗಿಯೇ ತಡೆದರು. ತಪ್ಪು ತಿಳೀಬ್ಯಾಡ್ರಿ, ಹಡೆದವರು ಮೊದಲು ತುಂಬಲಿ, ಈಕೆ ಆಮೇಲೆ ಬೇಕಾದರೆ ಅರಿಸಿನ ಕುಂಕುಮ ಹಚ್ಚಲಿ ಎಂದರು. ಅತ್ತೆ ಕೈಯಲ್ಲಿ ತಟ್ಟೆ ಹಿಡಿದೇ ಮಾತಾಡಿದರು.

"ಬೀಗತೀ, ನಾ ಏಳು ಹಡದು ಮೂರು ಉಳಿಸಿಕೊಂಡಾಕಿ. ನನಗ ಬ್ಯಾನಿ ಬಂತು, ಹಡದೆ. ಹಡೀತೀಯೇನ ಅಂತ ಯಾರೂ ಕೇಳಲಿಲ್ಲ. ನಿಮಗೂ ಕೇಳಿಲ್ಲ. ಈಕಿಗೆ ಕೇಳ್ಯಾರ. ಹೊಟ್ಟಿ ಕೊಯ್ಯಲೇನವಾ ಅಂದ್ರ, ಕೊಯ್ರಿ ಅಂದಾಳ. ಈಕಿ ಹಡದಾಕಿ ಅಲ್ಲಂದ್ರ ಈ ಪಡಸಾಲ್ಯಾಗ ಹಡದಾಕಿ ಯಾರೂ ಇಲ್ಲ."

ತಟ್ಟೆ ನನ್ನ ಕೈಗೆ ಬಂತು. ಅತ್ತೆಯ ಮುಖವನ್ನೇ ನೋಡುತ್ತ ಅಕ್ಕಿ ಉಡಿಗೆ ಹಾಕಿದೆ, ಅರ್ಧ ನೆಲಕ್ಕೆ ಬಿತ್ತು. ಕಮಲಾ ನಕ್ಕು, "ವೈನಿ, ಉಡಿ ಇಲ್ಲೈತಿ," ಎಂದು ಸೆರಗು ಅಗಲ ಮಾಡಿದಳು.

ಗೆದ್ದೆನೆಂದು ಬೀಗಿದ್ದು ಅಂದು ಸಂಜೆಯವರೆಗೆ. ಆಮೇಲೆ ಭಯ ಹಿಡಿಯಿತು. ಕಮಲಾಳಿಗೆ ಏನಾದರೂ ಹೆಚ್ಚು ಕಡಿಮೆಯಾದರೆ, ಅದೆಲ್ಲ ನನ್ನ ಕೈಯದೇ ಎನ್ನುತ್ತಾರೆ. ಎರಡು ತಿಂಗಳು ಅವಳನ್ನು ನಾನು ಬಿಟ್ಟದ್ದೇ ಇಲ್ಲ. ವಾರ ತಪ್ಪದೆ ಬಸ್ಸಿನಲ್ಲಿ ಶಿಗ್ಗಾಂವಿಯ ದವಾಖಾನೆಗೆ ಕರೆದೊಯ್ದು ನರ್ಸಬಾಯಿಯಿಂದ ಹೊಟ್ಟೆ ನೋಡಿಸಿದೆ. ಕೂಸಿನ ತಲೆ ಕೆಳಗಿದೆಯೇ, ಕಾಲು ಊದಿದೆಯೇ, ಕಣ್ಣು ಮಂಜಾಗುತ್ತಿದೆಯೇ, ಹನಿ ರಕ್ತವೇನಾದರೂ ಕಂಡಿತೇ ಎಂದು ಮುಂಜಾನೆಯಿಂದ ಸಂಜೆಯವರೆಗೆ ಪೀಡಿಸಿದೆ. ಬೇನೆ ಬಂದ ದಿನ ಅದೇ ದವಾಖಾನೆಗೆ ಹೋದೆವು. ಹೊರಗೆ ನಾನು ತರಿಸಿದ ಚಹಾ ಆರುವ ಮೊದಲೇ ಒಳಗೆ ಗಂಡು ಕೂಸು ಅತ್ತಿತು. ತಾನಾಗಿ, ಸರಾಗವಾಗಿ. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಅತ್ತೆ ಒಳಗೆ ಹೋಗಿ ನೋಡಿಕೊಂಡು ಬಂದವರು, "ಹೊಲಿಗಿ ಒಂದೂ ಇಲ್ಲ," ಎಂದರು. ಆ ದನಿಯಲ್ಲಿ ಒಂದು ಎಳೆ ನಿರಾಸೆಯಿತ್ತೆಂದು ನಾನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ.

ಜನರ ನಂಬಿಕೆ ಎಷ್ಟು ಬೇಗ ಮಗ್ಗಲು ಬದಲಿಸುತ್ತದೆ ನೋಡಿ. ಕೊಯ್ಸಿಕೊಂಡ ಕೈ ಎಂದವರೇ, ಆಕೆ ಉಡಿ ತುಂಬಿದರೆ ಹೆರಿಗೆ ಸರಾಗ ಎನ್ನತೊಡಗಿದರು. ಅಬಲೂರಿನ ಬೀಗತಿ ತಮ್ಮ ಬಳಗದ ಎಲ್ಲ ಕುಬುಸಕ್ಕೂ ಹೇಳಿ ಕಳಿಸಿದರು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಬಸ್ಸಿನ ಕಂಡಕ್ಟರರಿಗೆಲ್ಲ ನಾನು ಉಡಿ ತುಂಬುವ ಅಕ್ಕನಾದೆ. ಚನ್ನವ್ವನೂ ಎರಡನೆಯ ಸೊಸೆಯ ಸಲುವಾಗಿ ಬಂದಳು, ನಾನು ಹೋದೆ, ಹಸಿರು ಸೀರೆಯನ್ನೇ ಉಟ್ಟುಕೊಂಡು ಹೋದೆ. ನನ್ನ ಕೈಯಲ್ಲಿ ಮಂತ್ರವಿಲ್ಲವೆಂದು ನನಗೆ ಗೊತ್ತಿತ್ತು. ಹಾಗೆಂದು ಬಂದ ಅವಕಾಶವನ್ನು ಬಿಡಲಿಲ್ಲ. ಕೊಬ್ಬರಿ ಬಟ್ಟಲಿನ ಜೊತೆಗೆ ಬಸುರಿಯ ಕಿವಿಗೂ ನಾಲ್ಕು ಮಾತು ತುಂಬುತ್ತಿದ್ದೆ. ಕೂಸು ಅಡ್ಡ ಇದ್ದರೆ ಅದು ನಿನ್ನ ತಪ್ಪಲ್ಲ. ದವಾಖಾನೆಗೆ ಒಯ್ಯಿರೆಂದು ನೀನೇ ಬಾಯಿಬಿಟ್ಟು ಹೇಳು. ಕೊಯ್ದರೂ ಹಾಲು ಬರುತ್ತದೆ, ಒಂದು ದಿನ ತಡವಾದೀತು, ಕೂಸನ್ನು ಎದೆಗೆ ಹಚ್ಚುವುದು ಬಿಡಬೇಡ. ನೋವೆಂದು ಮಲಗಿಯೇ ಇರಬೇಡ, ಡಾಕ್ಟರಬಾಯಿ ಹೇಳಿದ ದಿನ ಎದ್ದು ನಾಲ್ಕು ಹೆಜ್ಜೆ ಹಾಕು. ತುಂಬಿದ ಕೊಡ ಮಾತ್ರ ಎತ್ತಬೇಡ. ಹೊಲಿಗೆ ಕೆಂಪಾದರೆ, ಕೀವು ಕಂಡರೆ, ಜ್ವರ ಬಂದರೆ ಮನೆಮದ್ದು ಬಳಿಯದೆ ಹೋಗಿ ತೋರಿಸು. ಮತ್ತು ಗಾಳಿ ಸರಿಯುವವರೆಗೆ ಯಾರ ಅತ್ತೆ ಕೊಟ್ಟರೂ ಹೋಳಿಗೆ ತಿನ್ನಬೇಡ.

ಇತ್ತ ಆ ಕೌದಿಯ ಕೊನೆಯ ಮೂಲೆ ತೆರೆದೇ ಉಳಿದಿತ್ತು. ಅದಕ್ಕೆಂದು ಮಾಡಿದ ಹೋಳಿಗೆ ದವಾಖಾನೆಯ ನೆಲದ ಪಾಲಾಯಿತೆಂದು ಅತ್ತೆ ಅದನ್ನು ಮುಚ್ಚಲು ಒಪ್ಪಲಿಲ್ಲ. ಗಿರಿಜೆ ಆ ಮೂಲೆಯನ್ನೇ ತನ್ನ ಕಿಸೆ ಮಾಡಿಕೊಂಡು ಹುಣಸೆ ಬೀಜ, ಬಳೆಚೂರು, ಗುಂಡಿ ತುಂಬಿಡುತ್ತಿದ್ದಳು. ಅವಳಿಗೆ ನಾಲ್ಕು ನಡೆಯುವಾಗ ನಾನು ಮತ್ತೆ ಬಸುರಿ. ಡಾಕ್ಟರಬಾಯಿಯ ಮಾತಿನಂತೆ ದಿನ ತುಂಬುವುದಕ್ಕೆ ಎಂಟು ದಿನ ಮೊದಲೇ ಹುಬ್ಬಳ್ಳಿಗೆ ಹೋದೆವು. ಅತ್ತೆಯ ಬಗಲಲ್ಲಿ ಆ ಕೌದಿ. ಈ ಸಲ ಲಾರಿಯಿಲ್ಲ, ಅವಸರವಿಲ್ಲ. ಮಗ ಹುಟ್ಟಿದ, ಅದೇ ಗೆರೆಯ ಮೇಲೆ ಮತ್ತೆ ಹೊಲಿಗೆ ಬಿತ್ತು. ಅತ್ತೆ ಮೂರು ದಿನ ಸೆರಗಿನ ಹೋಳಿಗೆಯನ್ನು ಬಿಚ್ಚದೆ ಕಾದರು. ಗಾಳಿ ಸರಿದು, ಗಂಜಿ ಇಳಿದು, ಡಾಕ್ಟರಬಾಯಿ ಹೂಂ ಎಂದ ಮೇಲೆ, ಬೆಂಡಿನಂತಾದ ಹೋಳಿಗೆಯ ಒಂದು ಚೂರು ನನ್ನ ಬಾಯಿಗಿಟ್ಟು, ಇನ್ನೊಂದು ಚೂರನ್ನು ಕೌದಿಯೊಂದಿಗೆ ಡಾಕ್ಟರಬಾಯಿಯ ಮುಂದೆ ಹಿಡಿದರು. ಇದನ್ನು ನೀವೇ ಮುಚ್ಚಬೇಕೆಂದರು. ಗಿರಿಜೆಯ ಬೀಜ, ಗುಂಡಿಗಳನ್ನೆಲ್ಲ ಡಾಕ್ಟರಬಾಯಿ ಬೆರಳು ಹಾಕಿ ಹೊರಗೆ ತೆಗೆದರು. ಹೋಳಿಗೆ ಇಟ್ಟರು, ಸೂಜಿ ಕೇಳಿದರು. ಇಡೀ ವಾರ್ಡು ಮಂಚದಿಂದ ಮಂಚಕ್ಕೆ ಕತ್ತು ಚಾಚಿ ನೋಡುತ್ತಿತ್ತು. ಅತ್ತೆ ಕೌದಿ ತಿರುವಿ ಹಿಂಬದಿ ನೋಡಿದರು. ಗಂಟು ಕಾಣಲಿಲ್ಲ. ತೃಪ್ತಿಯಿಂದ ಮೂಲೆಯನ್ನು ಬೆರಳಲ್ಲಿ ಒತ್ತಿದವರು, ಅಲ್ಲೇ ತಡೆದರು. ಮತ್ತೆ ಒತ್ತಿದರು. ಒಳಗೆ ಗಟ್ಟಿಯಾಗಿ, ಗುಂಡಗೆ ಏನೋ ಕೈಗೆ ಸಿಕ್ಕಿತು.

"ಬಾಯಾರ," ಎಂದರು ಅತ್ತೆ, "ಎಣಿಸಿ ತಗದ ಮ್ಯಾಲ ಹೊಲೀತೇವಿ ಅಂದಿದ್ರಲ್ಲ?"

ಡಾಕ್ಟರಬಾಯಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಿಚ್ಚಲೇ ಎಂದು ಕೇಳಿದರು. ಅತ್ತೆ ಬೇಡವೆಂದರು, "ಇರ್ಲಿ ಬಿಡ್ರಿ, ಬರಿ ಹೊಟ್ಟಿಗಿಂತ ಚಲೋ."

ಆ ಕೌದಿ ಈಗ ನನ್ನ ಮಂಚದ ಮೇಲಿದೆ. ಹೆಂಗಸರ ಮಾತು ಹೆರಿಗೆಗೆ ಬಂದು, ಎಲ್ಲರದೂ ಮುಗಿದು, ನನ್ನ ಸರದಿ ಬಂದಾಗ ನಾನು ಗೆರೆ ತೋರಿಸುವುದಿಲ್ಲ, ಆ ವಯಸ್ಸು ದಾಟಿದೆ. ಕೌದಿಯ ಮೂಲೆಯನ್ನು ಮುಂದಿಟ್ಟು, ಒತ್ತಿ ನೋಡಿರಿ ಎನ್ನುತ್ತೇನೆ. ಹೋಳಿಗೆ ಎಂದೋ ಪುಡಿಯಾಗಿ ಹೋಗಿದೆ. ಹುಣಸೆ ಬೀಜ ಇನ್ನೂ ಇದೆ.